ವೆಬ್‌ಸೈಟಿನ ಮುಳ್ಳಿನ ಗಡಿಯಾರ ಕೊಡಗಿನ ಸಮಯವನ್ನೇ ತೋರಿಸಬೇಕಾದರೆ ಏನು ಮಾಡಬೇಕು?

ಪ್ರಶ್ನೆ: ಸರ್, ಕಕ್ಕಬ್ಬೆ ಹತ್ತಿರ ನಮ್ಮದೊಂದು ಚಿಕ್ಕ ಹೋಂಸ್ಟೇ ಇದೆ. ಹೊರದೇಶದವರು ನಡುರಾತ್ರಿ ಫೋನ್ ಮಾಡುತ್ತಾರೆ. ಅದಕ್ಕೇ ವೆಬ್‌ಸೈಟಿನಲ್ಲಿ 'ಈಗ ಕೊಡಗಿನಲ್ಲಿ' ಅಂತ ಮುಳ್ಳಿನ ಗಡಿಯಾರ ಹಾಕಿಸಿದೆ. ನನ್ನ ಫೋನಲ್ಲಿ ಸರಿ ಇದೆ. ದುಬೈಯಲ್ಲಿರುವ ಭಾವನಿಗೆ ಮಾತ್ರ ಒಂದೂವರೆ ಗಂಟೆ ಹಿಂದೆ ಕಾಣುತ್ತದಂತೆ. ಐದೂವರೆಯಾದರೂ ಗಂಟೆ ಮುಳ್ಳು 5ರ ಮೇಲೇ ಇರುತ್ತದೆ.

ಉತ್ತರ: ಅಕ್ಕ, ಜಾವಾಸ್ಕ್ರಿಪ್ಟಿನಲ್ಲಿ (ಬ್ರೌಸರಿನೊಳಗೆ ಓಡುವ ಕೋಡಿನ ಭಾಷೆ) ಸುಮ್ನೆ ಗಂಟೆ ಎಷ್ಟು ಅಂತ ಕೇಳಿದರೆ, ಪುಟ ನೋಡುತ್ತಿರುವವರ ಫೋನಿನ ಸಮಯ ಬರುತ್ತದೆ. ಯುಟಿಸಿ ಅಂದರೆ ಇಡೀ ಜಗತ್ತು ಲೆಕ್ಕಕ್ಕೆ ಇಟ್ಟುಕೊಂಡ ಮೂಲ ಸಮಯ. ದುಬೈ ಅದಕ್ಕಿಂತ 4 ಗಂಟೆ ಮುಂದೆ, ನಾವು ಐದೂವರೆ ಗಂಟೆ ಮುಂದೆ. ಹಾಗಾಗಿ ಭಾವ ನೋಡಿದ್ದು ದುಬೈ ಸಮಯ.

ಇದಕ್ಕೆ ಸುಲಭದ ದಾರಿ ಇದೆ. ನಮ್ಮಲ್ಲಿ ಬೇಸಿಗೆಗೊಮ್ಮೆ ಗಡಿಯಾರ ಮುಂದೆ ತಿರುಗಿಸುವ ಪದ್ಧತಿ ಇಲ್ಲ. ವರ್ಷವಿಡೀ ಯುಟಿಸಿಗೆ 330 ನಿಮಿಷ ಕೂಡಿಸಿದರೆ ಸಾಕು. ಆಮೇಲೆ ಗಂಟೆ, ನಿಮಿಷ ತೆಗೆಯುವಾಗಲೂ ಯುಟಿಸಿ ಹೆಸರಿನ ಫಂಕ್ಷನ್‌ಗಳನ್ನೇ ಬಳಸಬೇಕು. ಇಲ್ಲಾಂದ್ರೆ ಬ್ರೌಸರ್ ತನ್ನ ಊರಿನ ವ್ಯತ್ಯಾಸವನ್ನೂ ಅದರ ಮೇಲೆ ಸೇರಿಸಿಬಿಡುತ್ತದೆ. ಕೋಡ್ ಬರೆದವರಿಗೆ ಇದನ್ನು ಒತ್ತಿ ಹೇಳಿ.

ಗಂಟೆ ಮುಳ್ಳು ಗಂಟೆಗೆ 30 ಡಿಗ್ರಿ ಓಡುತ್ತದೆ, ಅಂದರೆ ನಿಮಿಷಕ್ಕೆ ಅರ್ಧ ಡಿಗ್ರಿ. ಆ ಅರ್ಧ ಡಿಗ್ರಿಯನ್ನು ನಿಮ್ಮ ಕೋಡ್ ಬಿಟ್ಟಿದೆ. ಐದೂವರೆಗೆ 150ಕ್ಕೆ 15 ಕೂಡಿಸಿ 165 ಡಿಗ್ರಿಯಲ್ಲಿರಬೇಕು.

ಪ್ರಶ್ನೆ: ಬೇರೆ ಟ್ಯಾಬಿಗೆ ಹೋಗಿ ಬಂದರೆ ಗಡಿಯಾರ ಹಿಂದೆ ಬಿದ್ದಿರುತ್ತದೆ ಸರ್. ಸೆಕೆಂಡ್ ಮುಳ್ಳು 12ಕ್ಕೆ ಬಂದಾಗ ಒಮ್ಮೆ ಉಲ್ಟಾ ಸುತ್ತುತ್ತದೆ.

ಉತ್ತರ: ಸೆಕೆಂಡಿಗೊಮ್ಮೆ 6 ಡಿಗ್ರಿ ಕೂಡಿಸುತ್ತಾ ಹೋಗುವ ಕೋಡ್ ಇರಬೇಕು. ಕಾಣದ ಟ್ಯಾಬಿನಲ್ಲಿ ಬ್ರೌಸರ್ ಟೈಮರನ್ನು ನಿಧಾನ ಮಾಡುತ್ತದೆ. ಎಣಿಕೆ ತಪ್ಪುವುದು ಅಲ್ಲೇ. ಪ್ರತಿ ಸಲ ಈಗಿನ ಸಮಯವನ್ನೇ ಹೊಸದಾಗಿ ಕೇಳಿ ಕೋನ ಲೆಕ್ಕ ಹಾಕಲಿ. ಉಲ್ಟಾ ಸುತ್ತುವುದು ಸಿಎಸ್‌ಎಸ್ ಟ್ರಾನ್ಸಿಷನ್‌ನಿಂದ, ಅಂದರೆ ಮುಳ್ಳು ನೆಗೆಯದೆ ನಯವಾಗಿ ಜಾರಲಿ ಅಂತ ಪುಟದ ವಿನ್ಯಾಸದಲ್ಲಿ ಹಾಕುವ ಸೂಚನೆಯಿಂದ. 354ರಿಂದ 0ಗೆ ಹೋಗು ಅಂದರೆ ಅದು ಹಿಂದಕ್ಕೇ ಬರುತ್ತದೆ. ನನ್ನ ಕೇಳಿದರೆ ಸೆಕೆಂಡ್ ಮುಳ್ಳನ್ನೇ ತೆಗೆಸಿ. ಹೋಂಸ್ಟೇ ಪುಟಕ್ಕೆ ಅದು ಬೇಕಿಲ್ಲ.

ಪ್ರಶ್ನೆ: ಡಯಲ್‌ಗೆ ನಮ್ಮ ತೋಟದ ಫೋಟೊ ಹಾಕಬಹುದಾ?

ಉತ್ತರ: ಹಾಕಬಹುದು, ಆದರೆ ಬೇಡ ಅಂತೀನಿ. ಮಳೆಗಾಲದಲ್ಲಿ ನಿಮ್ಮ ಕಡೆ ನೆಟ್‌ವರ್ಕ್ ಹೇಗಿರುತ್ತದೆ ನಿಮಗೇ ಗೊತ್ತಲ್ವಾ? ಎಸ್‌ವಿಜಿಯಲ್ಲಿ (ಚಿತ್ರವನ್ನು ಗೆರೆ, ಆಕಾರಗಳ ಲೆಕ್ಕದಲ್ಲಿ ಬರೆಯುವ ವಿಧಾನ) ಒಂದು ವೃತ್ತ, 12 ಗೆರೆ, 2 ಮುಳ್ಳು ಬರೆದರೆ ಫೈಲ್ ತುಂಬಾ ಹಗುರ. ಎಷ್ಟು ದೊಡ್ಡ ಪರದೆಯಲ್ಲೂ ಮಸುಕಾಗುವುದಿಲ್ಲ. ಫೋಟೊದ ಮೇಲೆ ಮುಳ್ಳು ಕಾಣುವುದೂ ಕಷ್ಟ.

ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ ಅಕ್ಕ. ಮಧ್ಯಾಹ್ನ ಎರಡಕ್ಕೂ ರಾತ್ರಿ ಎರಡಕ್ಕೂ ಡಯಲ್ ಒಂದೇ ಥರ ಕಾಣುತ್ತದೆ. ನಿಮಗೆ ನಡುರಾತ್ರಿ ಫೋನ್ ಬರಬಾರದು ಅಂದರೆ ಗಡಿಯಾರದ ಕೆಳಗೆ 'ಕೊಡಗಿನಲ್ಲಿ ಈಗ ರಾತ್ರಿ 2:10' ಅಂತ ಅಕ್ಷರದಲ್ಲೂ ಬರಲೇಬೇಕು. ಹೊರದೇಶದವರಿಗಾಗಿ ಇಂಗ್ಲಿಷಿನಲ್ಲೂ ಇರಲಿ. ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಓದುವುದೂ ಆ ಸಾಲನ್ನೇ. ಎಲ್ಲ ಆದ ಮೇಲೆ ಲ್ಯಾಪ್‌ಟಾಪಿನ ಟೈಮ್ ಝೋನನ್ನು ನ್ಯೂಯಾರ್ಕಿಗೆ ಬದಲಿಸಿ ಪುಟ ತೆರೆದು ನೋಡಿ. ಆಗಲೂ ನಿಮ್ಮ ಗೋಡೆ ಗಡಿಯಾರದ ಸಮಯವನ್ನೇ ತೋರಿಸಿದರೆ ಕೆಲಸ ಸರಿಯಾಗಿದೆ.