ಉದ್ಯೋಗ ಮೇಳದಲ್ಲಿ ಕಂಪನಿಯವರ ಗಮನ ಸೆಳೆಯೋದು ಹೇಗೆ?

ಮದ್ದೂರು ಹುಡುಗ:
ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ದೇನೆ. ಹೋದ ಸಲ ಮಂಡ್ಯದ ಮೇಳದಲ್ಲಿ 20 ಕಡೆ ರೆಸ್ಯೂಮ್ ಕೊಟ್ಟು ಬಂದೆ, ಒಂದು ಫೋನ್ ಕೂಡ ಬರಲಿಲ್ಲ. ಮುಂದಿನ ವಾರ ಮೈಸೂರಿನಲ್ಲಿದೆ. ಎಲ್ಲಿ ಎಡವುತ್ತಿದ್ದೇನೆ?

ಶಾಪ್‌ಫ್ಲೋರ್ ಅಣ್ಣ:
20 ಕಡೆ ಸುಮ್ನೆ ಕೊಟ್ಟಿದ್ದೇ ತಪ್ಪು ತಮ್ಮ. ನಾನು ಮೈಸೂರಿನ ಕೂರ್ಗಳ್ಳಿಯ ಕಾರ್ಖಾನೆಯೊಂದರ ಪರವಾಗಿ ಸ್ಟಾಲ್‌ನಲ್ಲಿ ಕೂತವನು. ಮಧ್ಯಾಹ್ನದ ಹೊತ್ತಿಗೆ ಮುಂದೆ ರೆಸ್ಯೂಮ್ ರಾಶಿ ಬಿದ್ದಿರುತ್ತದೆ, ಮುಖಗಳು ಮರೆತೇ ಹೋಗಿರುತ್ತವೆ, ಆದರೆ "ನಿಮ್ಮ ಸಿಎನ್‌ಸಿ ಮೆಷಿನ್‌ನಲ್ಲಿ ಫ್ಯಾನುಕ್ ಕಂಟ್ರೋಲಾ, ಸೀಮೆನ್ಸಾ ಸರ್?" ಅಂತ, ಅಂದರೆ ಕಂಪ್ಯೂಟರ್‌ನಿಂದ ನಡೆಯೋ ನಮ್ಮ ಮೆಷಿನ್‌ಗೆ ಯಾವ ಕಂಪನಿಯ ಕಂಟ್ರೋಲ್ ಇದೆ ಅಂತ, ಕೇಳಿದ ಹುಡುಗ ಇವತ್ತಿಗೂ ನೆನಪಿದ್ದಾನೆ. ನಾಲ್ಕೈದು ಕಂಪನಿ ಆರಿಸಿಕೋ. ಅವರು ಏನು ತಯಾರಿಸುತ್ತಾರೆ ಅಂತ ಹಿಂದಿನ ದಿನವೇ ಓದಿಕೋ.

ಹೆಬ್ಬಾಳ ಅಕ್ಕ:
ನಿನ್ನ ಪ್ರಾಜೆಕ್ಟ್ ಬಗ್ಗೆ ಒಂದು ನಿಮಿಷ ಮಾತಾಡೋದನ್ನು ಮನೆಯಲ್ಲಿ ಗಟ್ಟಿಯಾಗಿ ಹೇಳಿ ನೋಡು. ಇಂಗ್ಲಿಷ್ ತಡವರಿಸಿದರೆ ಕನ್ನಡದಲ್ಲೇ ಹೇಳು, ಕೆಲಸ ಗೊತ್ತಿರೋದು ಮುಖ್ಯ ಅಲ್ವಾ. ಬೆಳಗ್ಗೆ ಬೇಗ ಬಾ, ಆಮೇಲೆ ಸಾಲು ಜಾಸ್ತಿ, ಅವರಿಗೂ ಸುಸ್ತು.

ನಂಜನಗೂಡು ಫಿಟ್ಟರ್:
ಮಾತಾಡಿದವರ ಹೆಸರು, ಮೇಲ್ ಬರೆದುಕೊಂಡು ಸಂಜೆಯೇ ಎರಡು ಸಾಲು ಕಳಿಸು. ನನಗೆ ಕೆಲಸ ಸಿಕ್ಕಿದ್ದು ಹಾಗೆಯೇ. ಯಾರಾದರೂ ಕೆಲಸಕ್ಕೆ ಡಿಪಾಸಿಟ್ ಕೇಳಿದರೆ ಮಾತ್ರ ಕೊಡಬೇಡ.

ಮದ್ದೂರು ಹುಡುಗ:
ತುಂಬಾ ಥ್ಯಾಂಕ್ಸ್ ಅಣ್ಣ, ಅಕ್ಕ. ಕಂಪನಿಗಳ ಪಟ್ಟಿ ಇವತ್ತೇ ಮಾಡುತ್ತೇನೆ.