ಅಪ್‌ಡೇಟ್: ಸದ್ದು ನಿಂತಿತು, ತಪ್ಪಿತಸ್ಥ ಶಾಕ್ ಅಬ್ಸಾರ್ಬರ್ ಅಲ್ಲ

ರಸ್ತೆ ಉಬ್ಬು ದಾಟುವಾಗ ನನ್ನ ಕಾರಿನ ಮುಂದಿನ ಎಡಚಕ್ರದ ಬಳಿ ಕಟಕಟ ಸದ್ದು ಬರುತ್ತಿದೆ, ಶಾಕ್ ಅಬ್ಸಾರ್ಬರ್ ಬದಲಿಸಬೇಕೇ ಎಂದು ಕೇಳಿದ್ದೆ. ಮೊದಲು ಸ್ಟೆಬಿಲೈಸರ್ ಲಿಂಕ್ (ತಿರುವಿನಲ್ಲಿ ಕಾರು ಹೆಚ್ಚು ವಾಲದಂತೆ ತಡೆಯುವ ಸರಳನ್ನು ಚಕ್ರದ ಭಾಗಕ್ಕೆ ಜೋಡಿಸುವ ಕೊಂಡಿ) ಅಲ್ಲಾಡಿಸಿ ನೋಡಿ ಎಂದವರ ಮಾತೇ ನಿಜವಾಯಿತು. ಕೈಯಲ್ಲಿ ಹಿಡಿದು ಅಲುಗಿಸಿದರೆ ಸಡಿಲ ಹಲ್ಲಿನಂತೆ ಆಡುತ್ತಿತ್ತು. ರಬ್ಬರ್ ಹೊದಿಕೆ ಹರಿದು, ಒಳಗಿನ ಗ್ರೀಸ್ ಮಣ್ಣಾಗಿ ಹೋಗಿತ್ತು. ಚಕ್ರವನ್ನು ಕೆಳಗಿನಿಂದ ಕಾರಿನ ಚೌಕಟ್ಟಿಗೆ ಜೋಡಿಸುವ ಲೋವರ್ ಆರ್ಮಿನ ಬುಷ್ (ಕೀಲಿನಲ್ಲಿರುವ ರಬ್ಬರ್ ತುಂಡು) ಕೂಡ ಬಿರುಕು ಬಿಟ್ಟಿತ್ತು. ಬುಷ್ ಒತ್ತಿ ಕೂರಿಸುವ ಪ್ರೆಸ್ ನನ್ನಲ್ಲಿ ಇಲ್ಲದ್ದರಿಂದ ಇಡೀ ಆರ್ಮನ್ನೇ ಹೊಸದಾಗಿ ತಂದೆ.

ಒಂದು ಸಂಜೆಯನ್ನು ಪೂರ್ತಿ ನುಂಗಿದ್ದು ಲಿಂಕಿನ ಒಂದೇ ಒಂದು ನಟ್. ಸ್ಪ್ಯಾನರ್ ತಿರುಗಿಸಿದಂತೆಲ್ಲ ಒಳಗಿನ ಪಿನ್ನೂ ಜೊತೆಗೇ ಸುತ್ತುತ್ತಿತ್ತು. ಪಿನ್ನಿನ ತುದಿಯಲ್ಲಿ ಅಲೆನ್ ಕೀ ಕೂರುವ ಆರು ಮೂಲೆಯ ಗುಳಿ ಇದೆಯೆಂಬುದು ತಂತಿ ಬ್ರಷ್‌ನಿಂದ ತುಕ್ಕು ಕೆರೆದ ಮೇಲೆಯೇ ಕಂಡಿತು. ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಕಿರ್ರೆಂದು ಸಡಿಲವಾಯಿತು.

ಒಂದು ತಪ್ಪನ್ನೂ ಮಾಡಿದೆ: ಕಾರು ಸ್ಟ್ಯಾಂಡ್ ಮೇಲಿದ್ದು ಚಕ್ರದ ಭಾಗ ಜೋತಾಡುತ್ತಿರುವಾಗಲೇ ಆರ್ಮಿನ ಬೋಲ್ಟ್‌ಗಳನ್ನು ಪೂರ್ತಿ ಬಿಗಿದೆ. ಹಾಗೆ ಬಿಗಿದರೆ ಕಾರು ಇಳಿಸಿದಾಗ ಬುಷ್‌ನ ರಬ್ಬರ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ. ಮತ್ತೆ ಸಡಿಲಿಸಿ, ಸ್ಟ್ಯಾಂಡ್ ತೆಗೆಯದೆಯೇ ಆರ್ಮಿನ ಕೆಳಗೆ ಜಾಕ್ ಕೊಟ್ಟು ಭಾರ ಬೀಳುವಂತೆ ಎತ್ತಿ, ಬಿಗಿತ ಅಳೆಯುವ ಟಾರ್ಕ್ ರೆಂಚ್‌ನಿಂದ ಕೈಪಿಡಿಯಲ್ಲಿರುವಷ್ಟೇ ಬಿಗಿದೆ.

ಸ್ಪ್ರಿಂಗ್ ತಂಟೆಗೆ ಮಾತ್ರ ಹೋಗಲಿಲ್ಲ. ಅದುಮಿಟ್ಟ ಸ್ಪ್ರಿಂಗ್ ಜಾರಿದರೆ ಕೈಯೇ ಹೋದೀತು. ಬಲಬದಿಯ ಲಿಂಕನ್ನೂ ಬದಲಿಸಿದೆ. ಸದ್ದು ಪೂರ್ತಿ ಅಡಗಿದೆ. ಕಾರು ತುಸು ಬಲಕ್ಕೆ ಎಳೆಯುತ್ತಿದೆ, ನಾಳೆ ವೀಲ್ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವುದು) ಮಾಡಿಸುತ್ತೇನೆ.