ಪ್ರೇಮಕಥೆಯಲ್ಲಿ ಜೂನ್ ತಿಂಗಳಲ್ಲಿ ಕಾಫಿ ಹಣ್ಣು ಕುಯ್ದರೆ ನಿಮಗೆ ನಡೆಯುತ್ತಾ?

ಸುಂಟಿಕೊಪ್ಪದ ರೈಟರ್:

ಎಲ್ಲರಿಗೂ ನಮಸ್ಕಾರ. ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ನಾನು 22 ವರ್ಷದಿಂದ ರೈಟರ್ ಆಗಿದ್ದೇನೆ. ಬೇರೆ ಕಡೆಯವರಿಗೆ ಗೊತ್ತಿರಲಿಕ್ಕಿಲ್ಲ, ತೋಟದ ರೈಟರ್ ಅಂದರೆ ಕೆಲಸದವರ ಹಾಜರಿ, ಕುಯ್ಲಿನ ತೂಕ, ಬಟವಾಡೆ ಲೆಕ್ಕ ಬರೆಯುವವರು. ಹಗಲೆಲ್ಲ ಚೆಕ್‌ರೋಲ್ ಅನ್ನುವ ಆ ಲೆಕ್ಕದ ಪುಸ್ತಕ, ರಾತ್ರಿ ಊಟ ಆದಮೇಲೆ ಕಾದಂಬರಿ. ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಇಲ್ಲದಿದ್ದರೂ ಓದು ನಿಲ್ಲಿಸಿದವಳಲ್ಲ. ಬೂಷ್ಟು ಹಿಡಿಯಬಾರದು ಅಂತ ಪುಸ್ತಕಗಳನ್ನೆಲ್ಲ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದೇನೆ. ಯಾವುದನ್ನು ತೆರೆದರೂ ಸ್ವಲ್ಪ ಹೊಗೆ ವಾಸನೆ ಬರುತ್ತದೆ.

ಅಕ್ಕನ ಮಗಳು ಮೈಸೂರಿನಲ್ಲಿ ಓದುತ್ತಿದ್ದಾಳೆ. ರಜೆಗೆ ಬರುವಾಗ ಒಂದು ಹೊಸ ಪ್ರೇಮ ಕಾದಂಬರಿ ತಂದಳು. "ನಮ್ಮ ಕೊಡಗಿನದ್ದೇ ಕಥೆ ಚಿಕ್ಕಮ್ಮ, ನಿಮಗೆ ಇಷ್ಟ ಆಗತ್ತೆ" ಅಂದಳು. ನಾನೂ ಆಸೆಯಿಂದಲೇ ಹಿಡಿದೆ. ಬೆಂಗಳೂರಿನ ಹುಡುಗಿ ಕೆಲಸ ಬಿಟ್ಟು ಇಲ್ಲಿಗೆ ಬಂದು ಹೋಂಸ್ಟೇಯಲ್ಲಿ ಇಳಿಯುತ್ತಾಳೆ. ಜೂನ್ ತಿಂಗಳು, ಹೊರಗೆ ಮಳೆ. ತೋಟದ ಹುಡುಗನ ಜೊತೆ ಕೊಡೆ ಹಿಡಿದುಕೊಂಡು ಕೆಂಪು ಕಾಫಿ ಹಣ್ಣು ಕುಯ್ಯುತ್ತಾಳೆ. ಮಾರನೇ ದಿನ ಬೆಳಿಗ್ಗೆ ಕಾಫಿ ಹೂವಿನ ಘಮಕ್ಕೆ ಅವಳಿಗೆ ಎಚ್ಚರ ಆಗುತ್ತದೆ. ಅಲ್ಲಿಗೆ ಪುಸ್ತಕ ಮುಚ್ಚಿಟ್ಟೆ.

ಜೂನ್‌ನಲ್ಲಿ ಗಿಡದ ಮೇಲೆ ಇರುವುದು ಎಳೇ ಹಸಿರು ಕಾಯಿ. ಅರೇಬಿಕಾ ಕುಯ್ಲು ಶುರುವಾಗುವುದು ನವೆಂಬರ್ ಹೊತ್ತಿಗೆ, ರೊಬಸ್ಟಾ ಜನವರಿಗೆ. ಹೂವು ಬರುವುದು ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ, ಅಂದರೆ ಹೂವು ಅರಳಿಸುವ ಮಳೆ ಬಿದ್ದು ಎಂಟು ಹತ್ತು ದಿನಕ್ಕೆ. ಇದನ್ನು ಹೇಳಿದರೆ ಹುಡುಗಿಗೆ ಸಿಟ್ಟು ಬಂತು. "ಪ್ರೇಮಕಥೆಗೆ ಪಂಚಾಂಗ ಯಾಕೆ ಚಿಕ್ಕಮ್ಮ? ಅವರಿಬ್ಬರ ಪ್ರೀತಿ ನೋಡಿ" ಅಂದಳು.

ನನಗೆ ಅನಿಸುವುದು ಬೇರೆ. ಆ ಲೇಖಕರಿಗೆ ಹೂಮಳೆ ಗೊತ್ತಿದ್ದರೆ ಎಂಥಾ ಪ್ರೇಮಕಥೆ ಬರೆಯಬಹುದಿತ್ತು! ಮಾರ್ಚ್ ತಿಂಗಳಲ್ಲಿ ಇಡೀ ತೋಟ ಆಕಾಶ ನೋಡಿಕೊಂಡು ಕೂತಿರುತ್ತದೆ. ಪಕ್ಕದ ತೋಟಕ್ಕೆ ಒಂದಿಂಚು ಬಿತ್ತಂತೆ, ನಮಗೆ ಬರೀ ಹನಿ. ಮಳೆ ಬಿದ್ದು ಹೂವು ಬಿಟ್ಟರೂ ಮುಗಿಯಲಿಲ್ಲ, ಆಮೇಲೆ ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆಗೆ ಕಾಯಬೇಕು. ವರ್ಷದ ಸಾಲವೆಲ್ಲ ಆ ಮಳೆಯ ಮೇಲೆ ನಿಂತಿರುತ್ತದೆ. ಹಾಗೆ ಕಾಯುತ್ತಿರುವವನ ಪಕ್ಕದಲ್ಲಿ ಒಬ್ಬಳು ಬಂದು ಸುಮ್ನೆ ಕೂತರೆ ಸಾಕು, ನಾನು ನಂಬುತ್ತೇನೆ.

ನಾನು ಚೆಕ್‌ರೋಲ್‌ನಲ್ಲೇ ಪ್ರೀತಿ ನೋಡಿದ್ದೇನೆ. ಕೆಲಸದವರ ಲೈನ್ ಮನೆಯಲ್ಲಿ ಗಂಡ ಹೆಂಡತಿ ಇದ್ದರು. ಕುಯ್ಲಿನ ಹೊತ್ತು, ಅವಳಿಗೆ ಐದು ತಿಂಗಳು. ಕೆ.ಜಿ. ಲೆಕ್ಕದ ಕೂಲಿ, ಸಂಜೆ ಒಬ್ಬೊಬ್ಬರೇ ಚೀಲ ತಂದು ತೂಕಕ್ಕೆ ಇಡಬೇಕು. ಅವನು ತೋಟದಲ್ಲೇ ಜಾಸ್ತಿ ಕುಯ್ಯುವವನು. ಆ ತಿಂಗಳು ಅವನ ತೂಕ ದಿನಾ ಹತ್ತು ಹನ್ನೆರಡು ಕೆ.ಜಿ. ಇಳಿಯಿತು. ಅವಳದ್ದು ಅಷ್ಟೇ ಏರಿತು. ಅವಳ ಕೂಲಿ ಕಮ್ಮಿ ಆಗಬಾರದು, ಅವಳ ಹೆಸರಿನ ಮುಂದೆ ಸಣ್ಣ ಅಂಕಿ ಬೀಳಬಾರದು ಅಂತ ಅವನು ತನ್ನ ಚೀಲದಿಂದ ಅವಳ ಚೀಲಕ್ಕೆ ಸುರಿಯುತ್ತಿದ್ದ. ಇಬ್ಬರೂ ನನಗೆ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಬಂದ ತೂಕ ಬರೆದೆ.

ಹಾಗಂತ ಕಂಡದ್ದನ್ನೇ ಬರೆಯಬೇಕು ಅಂತ ನಾನು ಹೇಳುತ್ತಿಲ್ಲ. ಅದೇ ಹುಡುಗಿ ಕೊಟ್ಟ ಇನ್ನೊಂದು ಪುಸ್ತಕ ರೆಬೆಕಾ ಯಾರೋಸ್ ಅವರ 'ಫೋರ್ತ್ ವಿಂಗ್', 2023ರದ್ದು. ಇಂಗ್ಲಿಷ್, ನಿಧಾನಕ್ಕೆ ಓದಿದೆ. ಬರೀ ಡ್ರಾಗನ್ ಕಥೆ. ಆದರೆ ಅದರ ಹುಡುಗಿ ವೈಲೆಟ್‌ಗೆ ಕೀಲುಗಳು ಗಟ್ಟಿ ಇಲ್ಲ, ಎಳೆದರೆ ಕಳಚಿಕೊಳ್ಳುತ್ತವೆ. ಬಟ್ಟೆ ಸುತ್ತಿಕೊಂಡು ಕಾದಾಡುತ್ತಾಳೆ. ಡ್ರಾಗನ್ ಬೆನ್ನ ಮೇಲೆ ಬಿಗಿಯಾಗಿ ಕೂರಲಾಗದೆ ಜಾರುತ್ತಾಳೆ, ಕಡೆಗೆ ಅವಳಿಗಾಗಿಯೇ ಜೀನು ಮಾಡಿಸಬೇಕಾಗುತ್ತದೆ. ಆ ಜೀನು ಬಂದಾಗ ನಾನು ಡ್ರಾಗನ್ ನಂಬಿದೆ. ಪ್ರೀತಿಯ ಭಾಗ ನನಗೆ ಸ್ವಲ್ಪ ಎಳೆದ ಹಾಗೆ ಅನಿಸಿತು. ಮೈನೋವು ಮಾತ್ರ ನಿಜ.

ಐತಿಹಾಸಿಕದಲ್ಲಿ ವಸುಧೇಂದ್ರ ಅವರ 'ತೇಜೋ ತುಂಗಭದ್ರಾ' (2019) ಎರಡು ಸಲ ಓದಿದ್ದೇನೆ. ನಾವು ಇಲ್ಲಿ ಒಂಟಿ ಬಿದಿರಿನ ಏಣಿ ಹತ್ತಿ ಒಳ್ಳೆಮೆಣಸು ಕುಯ್ದು, ಒಣಗಿಸಿ, ಮೂಟೆ ಕಟ್ಟಿ ಕಳಿಸುತ್ತೇವೆ. ಅಲ್ಲಿಗೆ ನಮ್ಮ ಲೆಕ್ಕ ಮುಗಿಯಿತು. ಆ ಕಾದಂಬರಿಯಲ್ಲಿ ಮೆಣಸಿನ ಇನ್ನೊಂದು ತುದಿ ಕಂಡೆ. ಲಿಸ್ಬನ್‌ನಲ್ಲಿ ಬೆಲ್ಲಾ ಕಾಯುತ್ತಾಳೆ, ಗೇಬ್ರಿಯಲ್ ದುಡ್ಡು ಮಾಡಿ ಬರುತ್ತೇನೆ ಅಂತ ಇಂಡಿಯಾಕ್ಕೆ ಹಡಗು ಹತ್ತುತ್ತಾನೆ. ನಮ್ಮ ಅಂಗಳದಲ್ಲಿ ಬಿಸಿಲಿಗೆ ಹರಡಿದ ಈ ಕಾಳಿಗೋಸ್ಕರ ಎಷ್ಟು ಸಂಸಾರ ಒಡೆದು ಹೋಗಿತ್ತು ಅಂತ ಆಮೇಲೆ ಅದನ್ನು ಮುಟ್ಟುವಾಗಲೆಲ್ಲ ನೆನಪಾಗುತ್ತದೆ.

ನೀವು ಹೇಳಿ. ಊರು ತಪ್ಪಾದರೆ ಪ್ರೀತಿಯನ್ನು ನಂಬಲು ನಿಮಗೆ ಆಗುತ್ತಾ? ಈ ಮಳೆಗಾಲಕ್ಕೆ ಏನು ಓದಲಿ?

ರಾತ್ರಿಪಾಳಿ:

ಅಕ್ಕಾ, ನಾನು ಸೋಮವಾರಪೇಟೆಯವಳು, ಈಗ ಮಂಗಳೂರಿನಲ್ಲಿ ನರ್ಸ್. ನಾನು ನಿಮ್ಮ ಅಕ್ಕನ ಮಗಳ ಕಡೆ.

ನಾನು ಓದುವುದೆಲ್ಲ ಮೊಬೈಲಿನಲ್ಲಿ, ಪ್ರತಿಲಿಪಿ ಆ್ಯಪ್‌ನಲ್ಲಿ ಬರುವ ಧಾರಾವಾಹಿ ಪ್ರೇಮಕಥೆಗಳು. ಬಸ್ಸಿನಲ್ಲಿ ಒಂದು ಅಧ್ಯಾಯ, ಮಲಗುವ ಮುಂಚೆ ಒಂದು. ಕೊನೆಗೆ ಇಬ್ಬರೂ ಒಂದಾಗುತ್ತಾರೆ ಅಂತ ಮೊದಲೇ ಗೊತ್ತಿರಬೇಕು ನನಗೆ. ವಾರ್ಡ್‌ನಲ್ಲಿ ಯಾವುದು ಹೇಗೆ ಮುಗಿಯುತ್ತದೆ ಅಂತ ಯಾರಿಗೂ ಗೊತ್ತಿರಲ್ಲ. ಬೆಳಿಗ್ಗೆ ಐದಕ್ಕೆ ಒಬ್ಬರು ತೀರಿಕೊಂಡು, ಎಂಟಕ್ಕೆ ನಾನು ಮನೆಗೆ ಹೋಗಿ ಮಲಗಬೇಕು ಅಂದರೆ, ನನಗೆ ಬೇಕಾಗುವುದು ಆ ಕಥೆಗಳೇ.

ತಪ್ಪು ನನಗೂ ಕಾಣುತ್ತದೆ. ಹೋದ ತಿಂಗಳು ಓದಿದ ಒಂದರಲ್ಲಿ ನರ್ಸ್ ಹುಡುಗಿ ಇಡೀ ರಾತ್ರಿ ಒಬ್ಬನೇ ರೋಗಿಯ ಕೈ ಹಿಡಿದು ಕೂತಿರುತ್ತಾಳೆ. ನಮಗೆ ರಾತ್ರಿ ಒಂದು ಲೋಟ ನೀರು ಕುಡಿಯಲು ಪುರುಸೊತ್ತು ಇರಲ್ಲ. ಡ್ರಿಪ್ ಬದಲಾಯಿಸುವಷ್ಟರಲ್ಲಿ ಇನ್ನೊಂದು ಬೆಡ್‌ನಿಂದ ಕರೆಯುತ್ತಾರೆ. ಆದರೂ ನಾನು ಓದಿದೆ. ಯಾಕೆ ಗೊತ್ತಾ? ಅವನಿಗೆ ಎಚ್ಚರ ಆದಾಗ ಅವಳನ್ನು ಮೊದಲು ಕೇಳಿದ್ದು, "ನೀವು ಊಟ ಮಾಡಿದ್ರಾ?" ಅಂತ. ಆರು ವರ್ಷದಲ್ಲಿ ನನ್ನನ್ನು ಹಾಗೆ ಕೇಳಿದವರು ಇಬ್ಬರೋ ಮೂವರೋ. ಬರೆದವರಿಗೆ ಆಸ್ಪತ್ರೆ ಗೊತ್ತಿಲ್ಲ, ಆದರೆ ಅದು ಗೊತ್ತಿತ್ತು. ಬಸ್ಸಿನಲ್ಲೇ ಅತ್ತುಬಿಟ್ಟೆ.

ನಿಮ್ಮ ಚೆಕ್‌ರೋಲ್ ಗಂಡ ಹೆಂಡತಿ ಕಥೆ ಯಾರಾದರೂ ಬರೆದರೆ ಮೊದಲು ಓದುವವಳು ನಾನೇ.

ಪೊನ್ನಂಪೇಟೆ ಕಿತ್ತಳೆ:

ರೈಟರ್ ಅವರೇ, ನೀವು ಹಣ್ಣಿಗೆ ಬೇಸರ ಮಾಡಿಕೊಂಡಿರಿ. ನಾನು ಮದುವೆಗೆ ಬೇಸರ ಮಾಡಿಕೊಂಡವನು. ಕೊಡವರ ಮನೆಯ ಮದುವೆ ಅಂತ ಒಂದು ಕಾದಂಬರಿಯಲ್ಲಿ ಹೋಮ, ಮಂತ್ರ, ಪುರೋಹಿತರು, ಕೊನೆಗೆ ಹುಡುಗ ತಾಳಿ ಕಟ್ಟುವುದು. ಗಂಡಿನ ಉಡುಪು ಕುಪ್ಯಚೇಲೆ ಮತ್ತು ಸೊಂಟದ ಪೀಚೆಕತ್ತಿ ಮಾತ್ರ ಸರಿಯಾಗಿತ್ತು, ಫೋಟೋ ನೋಡಿ ಬರೆದಿರಬೇಕು. ನಮ್ಮಲ್ಲಿ ಪುರೋಹಿತರಿಲ್ಲ, ಹಿರಿಯರು ಅಕ್ಕಿ ಹಾಕಿ ಹರಸುತ್ತಾರೆ. ಹುಡುಗಿಯ ಕೊರಳಿಗೆ ಪತ್ತಾಕ್ ಅನ್ನುವ ಪದಕದ ಸರ ಕಟ್ಟುವುದು ಅವಳ ತಾಯಿ. ನನ್ನ ಮಗಳ ಮದುವೆಯಲ್ಲಿ ನನ್ನ ಹೆಂಡತಿಯ ಕೈ ನಡುಗಿ ಗಂಟು ಎರಡು ಸಲ ಜಾರಿತು, ಮಗಳೇ ಹಿಂದಕ್ಕೆ ಕೈ ಮಾಡಿ ದಾರ ಹಿಡಿದುಕೊಂಡಳು. ಆ ಗಳಿಗೆಯನ್ನು ಬಿಟ್ಟು ಹೋಮದ ಹೊಗೆ ಬರೆದರೆ ನಷ್ಟ ಯಾರಿಗೆ? ಕಾದಂಬರಿಗೇ ಅಲ್ವಾ?

ಇಂಗ್ಲಿಷ್ ಓದುತ್ತೀರಿ ಅಂದಿರಿ, ಹಾಗಾದರೆ ಸರಿತಾ ಮಂದಣ್ಣ ಅವರ 'ಟೈಗರ್ ಹಿಲ್ಸ್' ಹಿಡಿಯಿರಿ. 2010ರಲ್ಲಿ ಬಂದದ್ದು, ಕಥೆ ಶುರುವಾಗುವುದು 1878ರ ಕೊಡಗಿನಲ್ಲಿ. ಪ್ರೇಮ, ಇತಿಹಾಸ ಎರಡೂ ಇದೆ. ದೇವಿ ಅನ್ನುವ ಹುಡುಗಿ ಮಾಚುವನ್ನು ನೋಡುವುದು ನರಿ ಮಂಗಲದಲ್ಲಿ. ಕನ್ನಡದವರು ಇದನ್ನು ಗುಳ್ಳೆನರಿ ಅಂದುಕೊಳ್ಳುತ್ತಾರೆ. ನಮ್ಮ ಭಾಷೆ ಕೊಡವ ತಕ್ಕ್‌ನಲ್ಲಿ ನರಿ ಅಂದರೆ ಹುಲಿ. ಹುಲಿ ಹೊಡೆದವನಿಗೆ ಮದುಮಗನ ಹಾಗೆ ಮಾಡುತ್ತಿದ್ದ ಸಂಭ್ರಮ ಅದು. ನನ್ನ ಅಜ್ಜಿ ಹೇಳಿದ್ದನ್ನು ಮಾತ್ರ ಕೇಳಿದ್ದೆ, ಅಲ್ಲಿ ಕಣ್ಣಾರೆ ಕಂಡಂತಾಯಿತು. ಕೊನೆಯ ಭಾಗ ಸ್ವಲ್ಪ ಉದ್ದ ಆಯಿತು. ಆದರೂ ಬಿಡಬೇಡಿ.

ಭಾಗಮಂಡಲ ಮೇಷ್ಟ್ರು:

ನಾನು 31 ವರ್ಷ ಇತಿಹಾಸ ಪಾಠ ಮಾಡಿ ನಿವೃತ್ತನಾದವನು. ನನ್ನ ದೂರು ಸಿಲ್ವರ್ ಓಕ್ ಮರದ್ದು.

ರಾಜರ ಕಾಲದ ಕಥೆ ಅಂತ ಒಂದು ಕಾದಂಬರಿ ಬಂತು. 1790ರ ಸುಮಾರು, ಟಿಪ್ಪುವಿನ ಸೈನಿಕರು ಹುಡುಕುತ್ತಿದ್ದಾರೆ, ನಾಯಕ ಕಾಫಿ ತೋಟದೊಳಗೆ ನುಗ್ಗಿ ಸಿಲ್ವರ್ ಓಕ್ ಹಿಂದೆ ಅಡಗುತ್ತಾನೆ. ಆ ಮರ ಆಸ್ಟ್ರೇಲಿಯಾದ್ದು. ಇಲ್ಲಿಗೆ ಬಂದದ್ದು ಬ್ರಿಟಿಷರ ಕಾಲದಲ್ಲಿ. ಯುರೋಪಿಯನ್ನರು ಮಡಿಕೇರಿ ಸುತ್ತ ಕಾಫಿ ತೋಟ ಹಾಕಿದ್ದು 1850ರ ದಶಕದಲ್ಲಿ, ಅಂದರೆ 1834ರಲ್ಲಿ ರಾಜ್ಯ ಬ್ರಿಟಿಷರ ಪಾಲಾದ ಎಷ್ಟೋ ವರ್ಷದ ಮೇಲೆ. 1790ರಲ್ಲಿ ಅಡಗಲು ದಟ್ಟ ಕಾಡೇ ಇತ್ತಲ್ಲ! ರಾಜರಿಗೆ ದುಡ್ಡು ತರುತ್ತಿದ್ದ ಬೆಳೆ ಏಲಕ್ಕಿ. ಒಂದು ಏಲಕ್ಕಿ ಮಲೆಯಲ್ಲಿ ಅವನನ್ನು ಅಡಗಿಸಿದ್ದರೆ, ಜಿಗಣೆ ಹಿಡಿದ ಕಾಲು, ಒದ್ದೆ ಎಲೆ, ಆ ವಾಸನೆ, ಎಲ್ಲವೂ ಬರುತ್ತಿತ್ತು.

ನಿಜವಾದ ಕಥೆಗಳು ಹಾಗೇ ಬಿದ್ದಿವೆ. ಮಾಸ್ತಿಯವರು 1956ರಲ್ಲೇ 'ಚಿಕವೀರ ರಾಜೇಂದ್ರ' ಬರೆದರು, ಕೊನೆಯ ಅರಸನದ್ದು. ಅವನ ದೊಡ್ಡಪ್ಪನ ಮಗಳು ದೇವಮ್ಮಾಜಿಯ ಮೇಲೆ ಯಾರು ಬರೆಯುತ್ತಾರೆ ಅಂತ ನಾನು ಕಾಯುತ್ತಿದ್ದೇನೆ. ಆ ದೊಡ್ಡಪ್ಪ ದೊಡ್ಡವೀರರಾಜೇಂದ್ರನಿಗೆ ರಾಣಿ ಮಹದೇವಮ್ಮಾಜಿಯ ಮೇಲೆ ಪ್ರಾಣ. ಅವಳು ತೀರಿಕೊಂಡ ಮೇಲೆ ತನ್ನ ನಂತರ ಪಟ್ಟ ಆ ಪುಟ್ಟ ಮಗಳಿಗೇ ಸೇರಬೇಕು ಅಂತ ಹಟ ಹಿಡಿದ. 1809ರಲ್ಲಿ ಅವನು ಸತ್ತ. ಹುಡುಗಿಗೆ ಪಟ್ಟ ಸಿಕ್ಕಿತು, ಆದರೆ ಚಿಕ್ಕಪ್ಪ ಲಿಂಗರಾಜ ಬೇಗನೇ ಅದನ್ನು ತನ್ನದು ಮಾಡಿಕೊಂಡ. ಕಕ್ಕಬ್ಬೆ ಹತ್ತಿರದ ನಾಲ್ಕುನಾಡು ಅರಮನೆಗೆ ಹೋದಾಗಲೆಲ್ಲ ನನಗೆ ಆ ಮಗುವಿನದ್ದೇ ಯೋಚನೆ. ಆ ಕಿಟಕಿಗಳಿಂದ ಏನೇನು ನೋಡಿದಳೋ.

ಫ್ಯಾಂಟಸಿ ಓದುವ ಹುಡುಗರಿಗೂ ಒಂದು ಮಾತು. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ಕೊಂಬೆ ಕಡಿಯಬಾರದು, ಬೇಟೆ ಆಡಬಾರದು, ಒಂದೊಂದಕ್ಕೂ ಅದರದ್ದೇ ಕಟ್ಟು. ಮಾಟದ ಲೋಕ ಕಟ್ಟಲು ಬೇಕಾದ ನಿಯಮ ನಮ್ಮ ಬೇಲಿಯ ಆಚೆಗೇ ಇದೆ. ಯಾರಾದರೂ ಕನ್ನಡದಲ್ಲಿ ಬರೆಯಿರಿ, ನನ್ನ ಕಣ್ಣು ಸರಿ ಇರುವಾಗಲೇ.

ಸುಂಟಿಕೊಪ್ಪದ ರೈಟರ್:

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ರಾತ್ರಿಪಾಳಿಯ ತಂಗಿ ಬರೆದದ್ದು ಮನಸ್ಸಿನಿಂದ ಹೋಗಲಿಲ್ಲ. ನಿನ್ನೆ ರಾತ್ರಿ ಆ ಮುಚ್ಚಿಟ್ಟ ಕಾದಂಬರಿಯನ್ನು ಮತ್ತೆ ತೆಗೆದೆ. ಜೂನ್ ತಿಂಗಳ ಹಣ್ಣು, ಹೂವು ಎರಡನ್ನೂ ದಾಟಿ ಮುಂದೆ ಹೋದೆ. ಕೊನೆಯವರೆಗೂ ಓದಿದೆ.

ಒಂದು ಕಡೆ ಚೆನ್ನಾಗಿದೆ, ಅದನ್ನು ಹೇಳಲೇಬೇಕು. ಹುಡುಗಿ ಅಪ್ಪನಿಗೆ ಫೋನ್ ಮಾಡಿ ಕೆಲಸ ಬಿಟ್ಟದ್ದನ್ನು ಹೇಳಲಾಗದೆ, ಬರೀ ಇಲ್ಲಿಯ ಮಳೆಯ ಬಗ್ಗೆ ಮಾತಾಡಿ ಇಟ್ಟುಬಿಡುತ್ತಾಳೆ. ಅಪ್ಪ ಅರ್ಧ ಗಂಟೆ ಬಿಟ್ಟು ಏನೂ ಕೇಳದೆ ಅವಳ ಖಾತೆಗೆ ದುಡ್ಡು ಹಾಕುತ್ತಾನೆ. ಅದು ನಿಜ. ಅದಕ್ಕೆ ಪಂಚಾಂಗ ಬೇಡ. ಅಕ್ಕನ ಮಗಳಿಗೆ ಫೋನ್ ಮಾಡಿ ಹಾಗೇ ಹೇಳಿದೆ. ಅವಳಿಗೆ ಖುಷಿ ಆಯಿತು.

ಆದರೆ ಇನ್ನೊಂದು ವಿಷಯ ಈಗ ಜಾಸ್ತಿ ಚುಚ್ಚುತ್ತಿದೆ. ಪುಸ್ತಕದಲ್ಲಿ ಆ ತೋಟ ಮುನ್ನೂರು ಎಕರೆ. ಆದರೂ ಇಡೀ ಕಥೆಯಲ್ಲಿ ಒಬ್ಬ ಕೆಲಸದವರಿಗೂ ಹೆಸರಿಲ್ಲ. ಹುಡುಗ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ, ಯಾರೂ ಅವನ ಹತ್ತಿರ ಮುಂಗಡ ಕೇಳಲು ಬರುವುದಿಲ್ಲ, ಯಾರ ಮಗುವಿಗೂ ಜ್ವರ ಬರುವುದಿಲ್ಲ. ಜೂನ್‌ನಲ್ಲಿ ಹಣ್ಣು ಬಿಟ್ಟದ್ದನ್ನು ನಾನು ಒಪ್ಪಿಕೊಂಡೇನು. ಕುಯ್ದವರು ಕಾಣದಿದ್ದರೆ ನನಗೆ ಸಂಕಟ ಆಗುತ್ತದೆ. ಆ ಹೆಸರುಗಳನ್ನೇ ತಾನೇ ನಾನು ದಿನಾ ಬರೆಯುವುದು? ಪೊನ್ನಂಪೇಟೆಯವರು ಹೇಳಿದ ಆ ಪತ್ತಾಕ್‌ನ ದಾರವೂ ಹೀಗೇ ಅಲ್ವಾ, ಅಲ್ಲಿ ಕಟ್ಟುವ ಕೈ ಯಾರದ್ದು ಅಂತ ಬರೆದವರು ನೋಡಲಿಲ್ಲ.

ಮೇಷ್ಟ್ರೇ, ದೇವಮ್ಮಾಜಿ ಕಥೆ ನಿಮ್ಮ ಕೈಯಲ್ಲೇ ಇದೆ, ಬೇರೆಯವರಿಗೆ ಯಾಕೆ ಕಾಯುತ್ತೀರಿ? ಒಂದು ನೋಟ್‌ಬುಕ್ ತೆಗೆದುಕೊಂಡು ಆ ಕಿಟಕಿಯಿಂದಲೇ ಶುರು ಮಾಡಿ. ಅಕ್ಷರ ಕಾಣದಿದ್ದರೆ ನೀವು ಹೇಳಿ, ನಾನು ಬರೆದುಕೊಳ್ಳುತ್ತೇನೆ. ಇದು ಸುಮ್ನೆ ಹೇಳಿದ ಮಾತಲ್ಲ.

'ಟೈಗರ್ ಹಿಲ್ಸ್' ಶುಕ್ರವಾರ ಮಡಿಕೇರಿ ಸಂತೆಗೆ ಹೋದಾಗ ಹುಡುಕುತ್ತೇನೆ. ರಾತ್ರಿಪಾಳಿ ತಂಗಿ, ನೀವು ಊರಿಗೆ ಬರುವಾಗ ತಿಳಿಸಿ. ನನ್ನ 'ತೇಜೋ ತುಂಗಭದ್ರಾ' ನಿಮಗೆ ಎತ್ತಿಟ್ಟಿದ್ದೇನೆ, ಸುಂಟಿಕೊಪ್ಪ ಬಸ್‌ಸ್ಟ್ಯಾಂಡಿಗೇ ತಂದುಕೊಡುತ್ತೇನೆ. ಹಳೇ ಚೆಕ್‌ರೋಲ್‌ನ ದಪ್ಪ ರಟ್ಟು ಹಾಕಿದ್ದೇನೆ, ಮಳೆಗೆ ನೆನೆಯಲ್ಲ. ಮತ್ತೆ, ಇವತ್ತು ನೀವು ಊಟ ಮಾಡಿದ್ರಾ?